ಕಂಪ್ಯೂಟರ್ ನಾಲ್ಕು, ಇತ್ಯಾದಿ ಒಂದು

ಒಂದೇ ಕೀಬೋರ್ಡಿನಿಂದ ನಾಲ್ಕು ಕಂಪ್ಯೂಟರುಗಳನ್ನು ನಡೆಸಬಹುದು ಎಂಬುದು ನಮ್ಮ ಪುರಸಭೆ ಕಚೇರಿಯಲ್ಲಿ ಸಂಶಯಕ್ಕೆಡೆಯಿಲ್ಲದಂತೆ ರುಜುವಾತಾಗಿರುತ್ತದೆ. ಜನನ, ಮರಣ, ನಲ್ಲಿ ಸಂಪರ್ಕ ಮತ್ತು ಸಾಕುನಾಯಿ ಪರವಾನಗಿ, ಈ ಶಾಖೆಗಳಿಗೆ ಕಂಪ್ಯೂಟರ್ ಬೇಕೆಂದು ಬರೆಯುವಾಗ ನಮ್ಮ ಮುಖ್ಯಾಧಿಕಾರಿಗಳು ಮಿತವ್ಯಯದ ದೃಷ್ಟಿಯಿಂದ ‘ಕಂಪ್ಯೂಟರ್ ನಾಲ್ಕು, ಇತ್ಯಾದಿ ಒಂದು’ ಎಂದು ಕಾಣಿಸಿದ್ದರು. ಕೀಬೋರ್ಡು ಇತ್ಯಾದಿಯಲ್ಲಿ ಬಂತು. ಆನೆ ಕೊಂಡು ಅಂಕುಶಕ್ಕೆ ಚೌಕಾಶಿ ಎಂದು ಆಡಿಕೊಂಡವರಿದ್ದಾರೆ. ಆಡಿಕೊಳ್ಳುವವರಿಗೆ ಬೇರೆ ಕೆಲಸವಿರುವುದಿಲ್ಲ.

ಮೊದಮೊದಲು ಅದನ್ನು ಸರದಿಯ ಪ್ರಕಾರ ಮೇಜಿನಿಂದ ಮೇಜಿಗೆ ಹೊತ್ತೊಯ್ಯಲಾಗುತ್ತಿತ್ತು. ಜನನ ಶಾಖೆಯ ಗುಮಾಸ್ತೆ ಅದನ್ನು ಸೆರಗಿನಲ್ಲಿ ಮುಚ್ಚಿಕೊಂಡು ಊಟಕ್ಕೆ ಹೋಗುವುದು, ನಾಯಿ ಶಾಖೆಯವರು ಆಕೆಯ ಹಿಂದೆ ಓಡುವುದು, ಹೀಗೆ ಸಣ್ಣಪುಟ್ಟ ತೊಂದರೆಗಳಿದ್ದವು. ಮರಣ ಶಾಖೆಗೆ ಕೊನೆಯ ಸರದಿ. ಸತ್ತವರಿಗೆ ಅವಸರವಿಲ್ಲವೆಂದು ಅಧಿಕಾರಿಗಳು ತೀರ್ಮಾನಿಸಿದ್ದರು. ಕೊನೆಗೆ ರಿಪೇರಿಯವನು ಒಂದು ಪೆಟ್ಟಿಗೆ ತಂದು, ಅದರ ಮೂಲಕ ಕೀಬೋರ್ಡನ್ನು ನಾಲ್ಕೂ ಕಂಪ್ಯೂಟರಿಗೆ ಜೋಡಿಸಿದ. ಮೇಲಿನ ತಿರುಪು ತಿರುಗಿಸಿದರೆ ಬೇಕಾದ ಕಂಪ್ಯೂಟರಿಗೆ ಮಾತ್ರ ಅಕ್ಷರ ಹೋಗಬೇಕು. ತಿರುಪು ಎರಡನೇ ದಿನವೇ ಕಿತ್ತುಬಂತು. ಅಂದಿನಿಂದ ಏನು ಒತ್ತಿದರೂ ನಾಲ್ಕು ಕಡೆಯೂ ಬೀಳುತ್ತದೆ.

ಹೊಸ ಪೆಟ್ಟಿಗೆ ಕೊಳ್ಳಬೇಕಾದರೆ ಹಳೆಯದು ಕೆಲಸ ಮಾಡುತ್ತಿಲ್ಲವೆಂದು ಬರೆಯಬೇಕು. ಇದಾದರೋ ನಾಲ್ಕು ಪಟ್ಟು ಕೆಲಸ ಮಾಡುತ್ತಿತ್ತು. ಗುಮಾಸ್ತೆ ಒಬ್ಬರೇ ಒತ್ತಲು, ಮಿಕ್ಕ ಮೂವರು ಮೇಲ್ವಿಚಾರಣೆಗೆ ಕುಳಿತರು. ತೀರಿಹೋದ ಅಂಚೆಯವರ ಹೆಂಡತಿಗೆ ಮರಣ ಪತ್ರದ ಜೊತೆ ಗಂಡ ಹೊಸದಾಗಿ ಹುಟ್ಟಿದ ಪತ್ರವೂ ಸಿಕ್ಕಿ ಕೊಂಚ ಸಮಾಧಾನವಾಯಿತೆಂದು ತಿಳಿದುಬಂದಿದೆ.

ಹೀಗಿರುವಾಗ ಒಬ್ಬ ದರ್ಜಿ ತನ್ನ ಮಗಳು ಪುಟ್ಟಿಯನ್ನು ಕರೆದುಕೊಂಡು ಬಂದ. ಅವಳು ಹುಟ್ಟಿದಾಗ ಬರೆಸಿರಲಿಲ್ಲ. ಜನನ ಪತ್ರವಿಲ್ಲದೆ ಶಾಲೆಗೆ ಸೇರಿಸಿಕೊಳ್ಳುವುದಿಲ್ಲವೆಂದಿದ್ದರು, ಸೇರಿಸುವ ಗಡುವು ಮರುದಿನಕ್ಕೆ ಮುಗಿಯುತ್ತಿತ್ತು. ಅಪ್ಪ ಉಳಿಕೆ ಬಟ್ಟೆಯಲ್ಲಿ ಹೊಲಿದುಕೊಟ್ಟ ಚೀಲವನ್ನು ಪುಟ್ಟಿ ಆಗಲೇ ಬೆನ್ನಿಗೆ ಹಾಕಿಕೊಂಡಿದ್ದಳು. ಗುಮಾಸ್ತೆ ಹೆಸರು ಒತ್ತಿದರು. ಪುಟ್ಟಿ ಹುಟ್ಟಿದಳು, ತೀರಿಕೊಂಡಳು, ಅವಳ ಹೆಸರಿಗೊಂದು ನಲ್ಲಿ ಮಂಜೂರಾಯಿತು, ಲಸಿಕೆ ಬಾಕಿಯಿರುವ ಹೆಣ್ಣುನಾಯಿಯಾಗಿ ನೋಂದಣಿಯೂ ಆಯಿತು.

ಮರಣ ಪತ್ರದಲ್ಲಿ ಮಗಳ ಹೆಸರು ಓದಿ ದರ್ಜಿಯ ಮುಖ ಬಿಳಚಿಕೊಂಡಿತು. ಅವಳ ಕೈಯನ್ನು ಇನ್ನಷ್ಟು ಬಿಗಿಯಾಗಿ ಹಿಡಿದುಕೊಂಡ.

“ಸ್ವಾಮಿ, ಮಗು ಇಲ್ಲೇ ನಿಂತಿದೆಯಲ್ಲಾ. ಇದೊಂದನ್ನ ಅಳಿಸಿಬಿಡಿ.”

“ಅಳಿಸಬಹುದು,” ಎಂದರು ಮುಖ್ಯಾಧಿಕಾರಿಗಳು. “ಆದ್ರೆ ಅಳಿಸೋ ಗುಂಡಿನೂ ಇದೇ ಕೀಬೋರ್ಡಲ್ಲಿರೋದು. ಒತ್ತಿದ್ರೆ ಹುಟ್ಟಿದ್ದೂ ಹೋಗುತ್ತೆ. ಸತ್ತಿರಲಿ ಅಂತೀರೋ, ಹುಟ್ಟೇ ಇಲ್ಲ ಅಂತೀರೋ, ನೋಡಿ ಹೇಳಿ. ಊಟದ ಹೊತ್ತಾಯ್ತು.”

ಹಾವೂ ಸಾಯಬಾರದು ಕೋಲೂ ಮುರಿಯಬಾರದು ಎಂಬ ಗಾದೆಗೆ ನಮ್ಮಲ್ಲಿ ಯಾವ ಶಾಖೆಯೂ ಇಲ್ಲ. ದರ್ಜಿ ಮಗಳನ್ನು ನೋಡಿದ, ಅವಳ ಚೀಲವನ್ನು ನೋಡಿದ. ಅವನಿಗೆ ಅಳು ಬಂದಿತ್ತು.

“ಹುಟ್ಟಿದ್ದಾದರೂ ಇರಲಿ ಸ್ವಾಮಿ,” ಎಂದ.

ಜನ ಗಾಬರಿಯಾಗಬಾರದೆಂದು ಅಂದೇ ಬಾಗಿಲಿಗೆ ಪ್ರಕಟಣೆ ಅಂಟಿಸಲಾಯಿತು: ‘ಜನನದೊಂದಿಗೆ ನೀಡುವ ಮರಣ ಪತ್ರವು ಮುಂಗಡವಾಗಿದ್ದು, ಸದರಿ ವ್ಯಕ್ತಿಯು ತನಗೆ ಅನುಕೂಲವಾದಾಗ ಬಳಸಿಕೊಳ್ಳತಕ್ಕದ್ದು. ನಾಯಿಯೆಂದು ನೋಂದಣಿಯಾದ ಮಕ್ಕಳಿಗೆ ಕೊರಳಪಟ್ಟಿ ಕಡ್ಡಾಯವಲ್ಲ.’

ಶಾಲೆಯ ದೊಡ್ಡ ಟೀಚರು ಪುಟ್ಟಿಯ ಕಾಗದಗಳನ್ನು ತಿರುವಿ ನೋಡಿ, ಇಷ್ಟು ಅಚ್ಚುಕಟ್ಟಾಗಿ ಯಾರೂ ತರುವುದಿಲ್ಲವೆಂದು ಹೊಗಳಿ ಸೇರಿಸಿಕೊಂಡರು. ಆಮೇಲೆ ಎಲ್ಲ ಮಕ್ಕಳೂ ಹಾಗೆಯೇ ತರತೊಡಗಿದ್ದರಿಂದ ನಾಲ್ಕೂ ಪತ್ರ ಲಗತ್ತಿಸಬೇಕೆಂದು ನಿಯಮವಾಯಿತು. ಹಾಜರಿಯನ್ನು ನಲ್ಲಿ ನಂಬರಿನಿಂದ ಕೂಗುತ್ತಾರೆ.

ಕೆಲವು ವರ್ಷ ಎಲ್ಲವೂ ಸುಗಮವಾಗಿತ್ತು. ಅಷ್ಟರಲ್ಲಿ ಮೇಲಿನ ಕಚೇರಿಯವರು, ನಾವು ಕೇಳದೆಯೇ, ಇನ್ನೂ ಮೂರು ಕೀಬೋರ್ಡು ಕಳಿಸಿಬಿಟ್ಟರು. ಪೆಟ್ಟಿಗೆ ಕಳಚಿಟ್ಟು ಒಂದೊಂದು ಕಂಪ್ಯೂಟರಿಗೆ ಒಂದೊಂದು ಜೋಡಿಸಿದೆವು. ಅದೇ ವಾರ ದರ್ಜಿ ತನ್ನ ಚಿಕ್ಕ ಮಗನ ಹೆಸರು ಬರೆಸಿ, ಸಿಕ್ಕ ಒಂದೇ ಪತ್ರ ಹಿಡಿದು ಶಾಲೆಗೆ ಹೋದ. ಅರೆಬರೆ ದಾಖಲೆ ನಡೆಯುವುದಿಲ್ಲವೆಂದು ವಾಪಸು ಕಳಿಸಿದರು. ಈ ಸಲವೂ ಗಡುವು ಮರುದಿನಕ್ಕೇ ಇತ್ತು. ಹುಡುಗನ ಬೆನ್ನಿಗೆ ಅಕ್ಕನ ಹಳೇ ಚೀಲ.

ಮರುದಿನ ಬೆಳಿಗ್ಗೆಯೇ ದರ್ಜಿ ಮುಖ್ಯಾಧಿಕಾರಿಗಳ ಮೇಜಿನ ಮುಂದೆ ಕೈಮುಗಿದು ನಿಂತ.

“ಇವರಕ್ಕನಿಗೆ ಎಲ್ಲಾ ಪೂರ್ತಿ ಮಾಡಿಕೊಟ್ಟಿದ್ರಿ. ಇವನದು ಬರೀ ಹುಟ್ಟಿದ್ದು ಅಷ್ಟೇ ಇದೆ. ದಯವಿಟ್ಟು ಇವನನ್ನೂ ಸಾಯಿಸಿಕೊಡಿ ಸ್ವಾಮಿ.”

ಅಧಿಕಾರಿಗಳದು ಮೃದು ಮನಸ್ಸು. ಹೊಸ ಕೀಬೋರ್ಡುಗಳನ್ನು ಬೀರುವಿನಲ್ಲಿಟ್ಟು ಬೀಗ ಹಾಕಿಸಿದರು, ಹಳೇ ಪೆಟ್ಟಿಗೆಯ ಧೂಳು ಒರೆಸಿ ಜೋಡಿಸಿದರು. ಊಟಕ್ಕೆ ಮುಂಚೆಯೇ ಹುಡುಗ ತೀರಿಕೊಂಡ. ದರ್ಜಿ ಕಾಗದಗಳನ್ನು ಕಣ್ಣಿಗೊತ್ತಿಕೊಂಡು, ಮಗನನ್ನು ಹೆಗಲ ಮೇಲೆ ಕೂರಿಸಿಕೊಂಡು, ಶಾಲೆ ಮುಚ್ಚುವುದರೊಳಗೆ ತಲುಪಬೇಕೆಂದು ಬೀದಿಗುಂಟ ಓಡಿದ.