ಕಲ್ಲುಗೋಡೆಯ ಆಚೆ ನಾಲ್ಕು ಸೆಕೆಂಡು

ಕೆಟ್ಟದ್ದನ್ನು ರಿಪೇರಿ ಮಾಡುವವರಲ್ಲಿ ಎರಡು ಬಗೆ. ಕೆಟ್ಟಿರುವುದು ಏನೆಂದು ಕೇಳಿ ಆಮೇಲೆ ಕೈ ಹಾಕುವವರು ಒಂದು. ಕೈ ಹಾಕಿದ ಮೇಲೂ ಕೇಳದವರು ಇನ್ನೊಂದು. ನಾನು ಎರಡನೆಯ ಬಗೆಯವಳು. ಮೇಲೆ ಡೈರಿ ಬೇರೆ ಬರೆಯುತ್ತೇನೆ. ವಾಡಿಯ ಆಫೀಸಿಗೆ ಹೋಗುವ ರೈಲು ಎಷ್ಟು ದಿನ ತಡವಾಯಿತು, ತಿಂಗಳಲ್ಲಿ ಎಷ್ಟು ಸಲ ಕರೆಂಟು ಹೋಯಿತು, ಎಲ್ಲಕ್ಕೂ ವಾರ, ವೇಳೆ ಹಾಕಿ ಗೀಟು ಎಳೆದಿಟ್ಟಿದ್ದೇನೆ. ಇಷ್ಟು ಅಚ್ಚುಕಟ್ಟಾಗಿ ಮನೆ ಕೆಡಿಸಿದವರು ಶಹಾಬಾದಿನಲ್ಲಿ ಇನ್ನೊಬ್ಬರಿರಲಾರರು.

ನಮ್ಮದು ಕಲ್ಲಿನ ಹಳೆಯ ಮನೆ. ಗೋಡೆ ಎಷ್ಟು ದಪ್ಪವೆಂದರೆ ಗೂಡಿನಲ್ಲಿ ಇಟ್ಟ ವಸ್ತುವಿಗೆ ತೋಳು ಪೂರ್ತಿ ಚಾಚಬೇಕು. ಎರಡು ವರ್ಷದ ಹಿಂದೆ ಅಪ್ಪ ಮತ್ತು ಅವನ ತಮ್ಮ, ನನ್ನ ಕಾಕಾ, ಬೇರೆಯಾದರು. ಕಾರಣ ಹೊಲವಲ್ಲ, ಬಂಗಾರವಲ್ಲ. ಕಾಕಾನ ಹೆಂಡತಿ ಕಾಕುವಿನ ತವರು ಸೇಡಂನಲ್ಲಿ. ಅವಳ ತಂಗಿಯ ಮದುವೆಯಲ್ಲಿ ಆಯೇರಿಯ, ಅಂದರೆ ಉಡುಗೊರೆಯ, ಸೀರೆ ಕೊಡಲು ಒಬ್ಬೊಬ್ಬರ ಹೆಸರು ಕೂಗಿ ಕರೆಯುವಾಗ ನಮ್ಮವ್ವನ ಹೆಸರನ್ನು ಎಲ್ಲರಿಗಿಂತ ಕೊನೆಗೆ ಕೂಗಿದರು. ಅಲ್ಲಿಂದ ಒಲೆ ಎರಡಾಯಿತು, ಮೀಟರು ಎರಡಾಯಿತು. ಇಂಟರ್ನೆಟ್ಟೂ ತನ್ನದೇ ಬೇಕೆಂದು ಕಾಕಾ ಬೇರೆ ರೌಟರು ಹಾಕಿಸಿದ. ನಡುಮನೆಯ ಬಾಗಿಲಿಗೆ ಮಾತ್ರ ಯಾರೂ ಚಿಲಕ ಹಾಕಲಿಲ್ಲ.

ಆ ಬಾಗಿಲಿನಿಂದ ಸಂಜೆ ಏಳಕ್ಕೆ ಸರಿಯಾಗಿ ಕಾಕು ಬರುತ್ತಿದ್ದಳು. ಅವಳ ಧಾರಾವಾಹಿ ಬರುವ ಆ್ಯಪಿನ ಚಂದಾ ನಮ್ಮ ಟಿವಿಗೆ ಮಾತ್ರ ಇತ್ತು. ಅವ್ವ "ಬಾ" ಅನ್ನುತ್ತಿರಲಿಲ್ಲ, ಕಾಕು "ಬರ್ಲಾ?" ಅನ್ನುತ್ತಿರಲಿಲ್ಲ. ಇಬ್ಬರೂ ಟಿವಿಯ ಜೊತೆ ಮಾತಾಡುತ್ತಿದ್ದರು.

"ಈ ಸೊಸಿಗಿ ದಿಮಾಕ ಭಾಳ ಅದ," ಎಂದು ಅವ್ವ ತೆರೆಗೆ ಹೇಳುತ್ತಿದ್ದಳು.

"ದೊಡ್ಡಾಕಿಗಿ ಏನ ಕಮ್ಮಿ ಅದ?" ಎಂದು ಕಾಕು ಅದೇ ತೆರೆಗೆ ಉತ್ತರಿಸುತ್ತಿದ್ದಳು.

ನಡುವೆ ಶೇಂಗಾದ ತಟ್ಟೆ. ಅದು ಯಾರದೆಂದು ಇಬ್ಬರೂ ಕೇಳುತ್ತಿರಲಿಲ್ಲ.

ನನಗೆ ಕಂಡದ್ದು ಕಾಕುವಿನ ತೊಂದರೆ ಮಾತ್ರ. ಒಲೆಯ ಮೇಲೆ ಬೇಳೆ ಇಟ್ಟು ಓಡಿ ಬರುತ್ತಾಳೆ, ಪಾಪ, ಎಂದು ನಮ್ಮ ಖಾತೆಯನ್ನು ಅವಳ ಟಿವಿಯಲ್ಲೂ ತೆರೆದುಕೊಟ್ಟೆ. ಮೂರು ದಿನ ನಡೆಯಿತು. ನಾಲ್ಕನೆಯ ದಿನ ತೆರೆಯ ಮೇಲೆ ಬರಹ ಬಂತು: ಈ ಟಿವಿ ನಿಮ್ಮ ಮನೆಗೆ ಸೇರಿದ್ದಲ್ಲ. ಕಾಕು ಅದನ್ನು ಎರಡು ಸಲ ಓದಿ, ಕನ್ನಡಕ ಒರೆಸಿ ಮೂರನೆಯ ಸಲ ಓದಿದಳು.

ಆ್ಯಪು ರೌಟರನ್ನು ನೋಡಿ ಮನೆ ಯಾವುದೆಂದು ತೀರ್ಮಾನಿಸುತ್ತದೆ. ರೌಟರು ಬೇರೆಯಾದರೆ ಮನೆ ಬೇರೆ. ನಮ್ಮ ರೌಟರಿನ ಸಿಗ್ನಲ್ಲು ಆಚೆ ಹೋಗಲಿ ಎಂದರೆ ಕಲ್ಲು ಬಿಡುವುದಿಲ್ಲ. ಸಿಗ್ನಲ್ ಹಿಗ್ಗಿಸುವ ಡಬ್ಬಿ ತಂದೆ, ಗೂಡಿನಲ್ಲಿಟ್ಟೆ, ಮಾಡದಲ್ಲಿಟ್ಟೆ, ಬಾಗಿಲ ಮೇಲೆ ತೂಗುಹಾಕಿದೆ. ಡೈರಿಯಲ್ಲಿ ಹನ್ನೊಂದು ಪ್ರಯತ್ನಗಳಿವೆ. ಸಹಾಯವಾಣಿಗೆ ಮೂರು ಕರೆ. ಮೂರನೆಯದರಲ್ಲಿ ಆ ಕಡೆಯ ಹುಡುಗಿ, ಎರಡೂ ಟಿವಿ ಒಂದೇ ಮನೆಯಲ್ಲಿ ಇವೆಯೇ ಎಂದು ಕೇಳಿದಳು. ನಾನು ಹೌದೆಂದೆ. ಅಲ್ಲೇ ನಿಂತಿದ್ದ ಕಾಕಾ, "ಎರಡು ಮನಿ ಅಂತ ಖರೆ ಹೇಳವಾ," ಎಂದ. ಅವ್ವ ಅಕ್ಕಿ ಆರಿಸುತ್ತಿದ್ದವಳು ಕೈ ನಿಲ್ಲಿಸಿದಳು. ಇದನ್ನೂ ಬರೆದುಕೊಂಡೆ. ಯಾಕೆ ನಿಲ್ಲಿಸಿದಳೆಂದು ಬರೆದುಕೊಳ್ಳಲಿಲ್ಲ.

ಕೊನೆಗೆ ಒಂದು ಭಾನುವಾರ ನಮ್ಮ ರೌಟರಿನಿಂದ ನಡುಬಾಗಿಲ ಹೊಸ್ತಿಲ ಮೇಲೆ ವೈರು ಎಳೆದು, ಆಚೆ ಇನ್ನೊಂದು ರೌಟರು ಕೂರಿಸಿ, ಕಾಕುವಿನ ಟಿವಿಯನ್ನು ಅದಕ್ಕೆ ಸೇರಿಸಿದೆ. ಎರಡೂ ಮನೆ ಒಂದೇ ಎಂದು ಆ್ಯಪು ಒಪ್ಪಿತು. ಡೈರಿಯಲ್ಲಿ ಕೆಂಪು ಶಾಯಿಯಿಂದ "ಯಶಸ್ವಿ" ಎಂದು ಬರೆದೆ.

ಮರುದಿನ ಏಳಕ್ಕೆ ಕಾಕು ಬರಲಿಲ್ಲ. ಯಾಕೆ ಬರಬೇಕು? ಅದರ ಮರುದಿನವೂ ಬರಲಿಲ್ಲ. ಅವ್ವ ಶೇಂಗಾ ಹುರಿದು ತಟ್ಟೆಗೆ ಹಾಕುವಳು, ಧಾರಾವಾಹಿ ಮುಗಿದ ಮೇಲೆ ಡಬ್ಬಿಗೆ ತುಂಬುವಳು. ಹನ್ನೆರಡನೆಯ ದಿನ ಮುಖ ಆಚೆ ತಿರುಗಿಸಿ ಕೇಳಿದಳು, "ಆ ಕಡಿ ಟಿವಿ ಬಂದ್ ಆಗೂಹಂಗ ಮಾಡ್ಲಿಕ್ಕ ಬರ್ತದೇನ?"

ಬರುತ್ತದೆ. ವೈರು ಕಿತ್ತೆ. ಹತ್ತು ಹೆಜ್ಜೆ ದೂರದಿಂದ ಕಾಕುವಿನ ಫೋನು ಬಂತು. ಸಿಗ್ನಲ್ ತೊಂದರೆ ಎಂದು ಸುಳ್ಳು ಹೇಳಿ, ಅಲ್ಲಿಯವರೆಗೆ ಇಲ್ಲಿಗೇ ಬಂದು ನೋಡು ಎಂದೆ.

ಕಾಕು ಫೋನಿನಲ್ಲೇ ಹೇಳಿದಳು, "ಮದಲ ನನ್ನ ಟಿವ್ಯಾಗ ಧಾರಾವಾಹಿ ಬರ್ತಿದ್ದಿಲ್ಲ, ಅದಕ್ಕ ನಾನ ಬರ್ತಿದ್ದೆ. ಈಗ ನಂದ ಕೆಟ್ಟದ ಅಂತ ನಿಮ್ಮ ಮನಿ ಬಾಗಲಾ ತುಳೀಲೇನು? ನಿಮ್ಮವ್ವ ಹೆಸರ ಹಿಡಿದು ಕರೀಲಿ, ಬರ್ತೀನಿ."

ಅವ್ವನಿಗೆ ಹೇಳಿದೆ. ಅವಳು ತಟ್ಟೆಯನ್ನು ಸರಿಸಿದಳು. "ಸೇಡಂನ್ಯಾಗ ನನ್ನ ಹೆಸರ ಯಾವಾಗ ಕರದ್ರು, ಕೇಳು ಆಕಿನ್ನ."

ನಾನು ವೈರನ್ನು ಮತ್ತೆ ಸಿಕ್ಕಿಸಿದೆ. ಬೇರೇನು ಮಾಡಲಿ?

ಹೊಸ್ತಿಲ ಮೇಲೆ ವೈರು ಇರುವುದರಿಂದ ನಡುಬಾಗಿಲು ಈಗ ಪೂರ್ತಿ ಮುಚ್ಚುವುದಿಲ್ಲ. ಏಳಕ್ಕೆ ನಮ್ಮ ಟಿವಿಯಲ್ಲಿ ಸೊಸೆ ಅಳುತ್ತಾಳೆ. ಸ್ವಲ್ಪ ತಡೆದು ಸಂದಿಯಾಚೆ ಅದೇ ಸೊಸೆ ಮತ್ತೊಮ್ಮೆ ಅಳುತ್ತಾಳೆ. "ದಿಮಾಕ ನೋಡು," ಎಂದು ಅವ್ವ ತೆರೆಗೆ ಹೇಳಿ, ಉತ್ತರಕ್ಕೆ ಕಾಯುತ್ತಾಳೆ. ಆಚೆಯ ಟಿವಿ ನಾಲ್ಕು ಸೆಕೆಂಡು ಹಿಂದಿದೆ. ಒಂಬತ್ತು ಸಂಜೆ ಗಡಿಯಾರ ಹಿಡಿದು ಅಳೆದು ಬರೆದಿಟ್ಟಿದ್ದೇನೆ. ಈ ಭಾನುವಾರ ಅದನ್ನು ಸರಿಮಾಡಲು ಕೂರುತ್ತೇನೆ. ನನ್ನ ಕೈಲಾಗುವುದು ಅಷ್ಟೇ.