ಮೊದಲು ಟೋಪಿ

ಇಡೀ ಅನಾಹುತಕ್ಕೆ ಕಾರಣ ಒಂದು ರಬ್ಬರ್ ಟೋಪಿ. ಹೆಬ್ಬೆರಳಿಗೆ ಹಾಕಿದರೆ ಸರಿಯಾಗಿ ಕೂರುವಷ್ಟು ದೊಡ್ಡದು, ಅಷ್ಟೇ. ಅದು ಕ್ಲಬ್ಬಿನ ಕಿಟಕಿಕಟ್ಟೆಯ ಮೇಲೆ ಎಲ್ಲರ ಕಣ್ಣಿಗೂ ಬೀಳುವ ಹಾಗೆ ಕೂತಿತ್ತು. ಎಲೆಕ್ಟ್ರಿಷಿಯನ್ ವಿಲ್ಫ್ ಸ್ಟಾಬ್ಸ್‌ನ ಕಣ್ಣಿಗೆ ಮಾತ್ರ ಬೀಳಲಿಲ್ಲ.

ಪೈರೋ ಕೇಬಲ್ಲಿನ ಕೆಲಸವೇ ಹಾಗೆ. ತಾಮ್ರದ ಕೊಳವೆ, ಅದರೊಳಗೆ ಗಿಡಿದು ತುಂಬಿದ ಬಿಳಿ ಪುಡಿ, ಪುಡಿಯ ನಡುವೆ ಎರಡು ತಂತಿ. ಬೆಂಕಿ ಬಿದ್ದರೂ ಜಪ್ಪಯ್ಯ ಅನ್ನುವುದಿಲ್ಲ. ಆದರೆ ತುದಿ ಕಟ್ಟುವಾಗ ಬಾಣಂತಿಯನ್ನು ನೋಡಿಕೊಂಡಂತೆ ನೋಡಿಕೊಳ್ಳಬೇಕು. ಮೊದಲು ಕೇಬಲ್ಲಿಗೆ ಟೋಪಿ ತೊಡಿಸಬೇಕು, ಆಮೇಲೆ ನಟ್ಟು. ಆಮೇಲೆ ತಾಮ್ರ ಸುಲಿದು, ತುದಿಗೆ ಹಿತ್ತಾಳೆಯ ಪುಟ್ಟ ಬಟ್ಟಲು ತಿರುಗಿಸಿ, ಒಳಗೆ ಬೂದು ಮೇಣ ಮೆತ್ತಿ ಬಾಯಿ ಮುಚ್ಚಬೇಕು. ಬಟ್ಟಲು ಕೂತ ಮೇಲೆ ಟೋಪಿ ನೆನಪಾದರೆ ಮುಗೀತು. ಕತ್ತರಿಸು, ಮೊದಲಿನಿಂದ ಶುರು ಮಾಡು.

ಅವತ್ತು ಟೈನ್ ನದಿ ದಂಡೆಯ ಆ ಊರಿನ ಕ್ಲಬ್ಬಿನಲ್ಲಿ ಲೀಕ್ ಪ್ರದರ್ಶನ. ಲೀಕ್ ಎಂದರೆ ಈರುಳ್ಳಿಯ ದಾಯಾದಿ. ಅದನ್ನು ತೋಳಿನಷ್ಟು ದಪ್ಪ ಬೆಳೆಸುವುದೇ ಅಲ್ಲಿನ ಗಂಡಸರ ಜೀವನದ ಗುರಿ. ಬೆಂಕಿ ಗಂಟೆ ಬಾರಿಸದೆ ಜನರನ್ನು ಒಳಗೆ ಬಿಡಕೂಡದು ಅಂತ ಅಗ್ನಿಶಾಮಕದವರು ಹೇಳಿಹೋಗಿದ್ದರು. ಗಂಟೆಯ ಕೇಬಲ್ಲಿನ ಒಂದೇ ಒಂದು ತುದಿ ಬಾಕಿ ಇತ್ತು. ಅದು ಕ್ಲಬ್ಬಿನ ಹಾಲ್‌ನ ನೆಲದಿಂದ ಎದ್ದು ಗೋಡೆಯ ಮೇಲಿನ ಪೆಟ್ಟಿಗೆಗೆ ಸೇರಬೇಕು.

ವಿಲ್ಫ್‌ನ ಲೀಕ್‌ಗಳೂ ಮೇಜಿನ ಮೇಲಿದ್ದವು. ಮೊದಲ ಬಹುಮಾನ ಹಿಂದೆಲ್ಲ ಬರೀ ದುಡ್ಡು, ಈ ಸಲ ಬಟ್ಟೆ ಒಗೆಯುವ ಮಷೀನು. ಹೆಂಡತಿ ಎಡ್ನಾಳ ಗುಲಾಬಿ ಗಿಡ ಕಿತ್ತು ಲೀಕ್ ನೆಟ್ಟ ವರ್ಷದಿಂದ "ಗೆದ್ದು ಮಷೀನು ತಂದುಕೊಡ್ತೀನಿ" ಅನ್ನುತ್ತಲೇ ಬಂದಿದ್ದ. ಪ್ರತಿ ಸಲವೂ ಪಕ್ಕದ ಮನೆಯ ಪರ್ವಿಸ್ ಗೆಲ್ಲುತ್ತಿದ್ದ. ಬೆಳಿಗ್ಗೆ ಎಡ್ನಾ ಒದ್ದೆ ಹಾಸಿಗೆ ಬಟ್ಟೆ ಹಿಂಡುತ್ತಾ, "ಸೋತ್ರೂ ಮನೆಗೆ ಬಾ, ಊಟ ಹಾಕ್ತೀನಿ. 'ಮುಂದಿನ ವರ್ಷ' ಅಂತ ಮಾತ್ರ ಬಾಯಿ ಬಿಡ್ಬೇಡ" ಅಂದಿದ್ದಳು. ಅವಳ ಕೆಂಪಗಾದ ಕೈ ನೋಡಿ ವಿಲ್ಫ್ ಬಟ್ಟೆಯ ಇನ್ನೊಂದು ತುದಿ ಹಿಡಿದು ಹಿಂಡಿಕೊಟ್ಟಿದ್ದ.

ಅವನು ಬಟ್ಟಲಿನ ಬಾಯಿ ಮುಚ್ಚಿ ಸೊಂಟ ನೆಟ್ಟಗೆ ಮಾಡಿದಾಗ ಪರ್ವಿಸ್ ಬಾಯಲ್ಲಿ ಪೈಪು ಕಚ್ಚಿಕೊಂಡು ನಿಂತಿದ್ದ. ಬೆಳಿಗ್ಗೆಯಿಂದ ಗೊಬ್ಬರದ ಪುರಾಣ ಕೊರೆದು ವಿಲ್ಫ್‌ನ ತಲೆ ತಿಂದದ್ದು ಅವನೇ.

"ಏನ್ ಕೈಚಳಕ ಮಾರಾಯ!" ಅಂದ ಪರ್ವಿಸ್. "ಅಂದಹಾಗೆ, ಆ ಕಿಟಕಿ ಹತ್ರ ಇರೋ ಟೋಪಿ ಯಾರ್ದು?"

ವಿಲ್ಫ್ ಕಿಟಕಿ ನೋಡಿದ. ಕೇಬಲ್ ನೋಡಿದ. ಅಲ್ಲೇ ಕುಕ್ಕರುಗಾಲಲ್ಲಿ ಕೂತುಬಿಟ್ಟ.

"ಇಷ್ಟ್ ಹೊತ್ತು ನೋಡ್ತಾ ಇದ್ಯಲ್ಲೋ, ಮುಂಚೇನೇ ಬೊಗಳೋಕೆ ಏನಾಗಿತ್ತು?"

"ನಿನ್ ಕೆಲಸದಲ್ಲಿ ನಾನ್ಯಾಕಪ್ಪಾ ಮೂಗು ತೂರಿಸ್ಲಿ?" ಅನ್ನುತ್ತಾ ಪರ್ವಿಸ್ ಅಡುಗೆಮನೆ ಬಾಗಿಲಿನ ಪಕ್ಕದ ಕೆಂಪು ಗುಂಡಿಯನ್ನು ಒತ್ತಿದ. "ಇದೇನಾ ಬೆಂಕಿ ಗುಂಡಿ? ಒತ್ತಿದ್ರೂ ಸದ್ದೇ ಇಲ್ವಲ್ಲ?"

"ಈ ತುದಿ ಸೇರೋವರೆಗೂ ಎಷ್ಟು ಒತ್ತಿದ್ರೂ ಒಂದು ಬೆಕ್ಕೂ ಏಳಲ್ಲ. ಅದು ಒತ್ತಿದ್ರೆ ಒಳಗೇ ಕೂತ್ಕೊಳ್ಳುತ್ತೆ, ಬೀಗದಕೈ ಹಾಕಿ ಎತ್ಬೇಕು. ಆಮೇಲೆ ಎತ್ತೀನಿ, ನೀನು ಹೋಗು."

ಕತ್ತರಿಸಿದ ಮೇಲೆ ಕೇಬಲ್ ಗೇಣುದ್ದ ಗಿಡ್ಡವಾಯಿತು. ವಿಲ್ಫ್ ಪೆಟ್ಟಿಗೆಯನ್ನು ಅಷ್ಟು ಕೆಳಗಿಳಿಸಿ ಮತ್ತೆ ಶುರು ಮಾಡಿದ. ಟೋಪಿ, ನಟ್ಟು. ತಾಮ್ರ ಸುಲಿದು ಬಟ್ಟಲು ತರಲು ಆ ಕಡೆ ತಿರುಗಿದ್ದೇ ತಡ, ಚಹಾ ಉಸ್ತುವಾರಿಯ ವಾರ್ಡಲ್ ಅಮ್ಮ ಕುದಿಯುವ ನೀರಿನ ಹಂಡೆಯನ್ನು ತಂದು ಸರಿಯಾಗಿ ಕೇಬಲ್ಲಿನ ಕೆಳಗೇ ಇಟ್ಟರು. ಬಿಳಿ ಪುಡಿಗೆ ತೇವ ಅಂದರೆ ಕುಡುಕನಿಗೆ ಬಿಯರ್ ಇದ್ದ ಹಾಗೆ. ವಿಲ್ಫ್ ತಂತಿ ಪರೀಕ್ಷಿಸುವ ಮೆಗ್ಗರ್ ಹಚ್ಚಿ ಹಿಡಿ ತಿರುಗಿಸಿದರೆ ಮುಳ್ಳು ಸೊನ್ನೆಯ ಮೇಲೆ ಅಂಗಾತ ಮಲಗಿತು.

"ಅಮ್ಮಾ, ನಿಮ್ ಆವಿ ಕುಡಿದು ಇದು ಸತ್ತೇ ಹೋಯ್ತು!"

"ಅಯ್ಯೋ ನನ್ನಪ್ಪಾ, ಚಳೀಲಿ ನಿಂತಿದ್ದೀಯಲ್ಲ, ಒಂದು ಕಪ್ಪು ಬಿಸಿ ಚಹಾ ಆಗ್ಲಿ ಅಂತ ತಂದೆ."

ಬೆಂಕಿ ತೋರಿಸಿ ತೇವ ಓಡಿಸೋಣವೆಂದು ವಿಲ್ಫ್ ಬ್ಲೋಲ್ಯಾಂಪ್ ಹಚ್ಚಿದ. ಕಾರ್ಯದರ್ಶಿ ಟ್ಯುಲಿಪ್ ಎದ್ದೆನೋ ಬಿದ್ದೆನೋ ಅಂತ ಓಡಿಬಂದ. "ಆರಿಸಯ್ಯಾ ಅದನ್ನ! ಶಾಖಕ್ಕೆ ಲೀಕ್ ಬಾಡಿದ್ರೆ ನನ್ನ ಇಲ್ಲೇ ಹೂತುಹಾಕ್ತಾರೆ! ಊಟ ಮುಗಿಸಿ ತೀರ್ಪುಗಾರರು ಬಂದೇಬಿಡ್ತಾರೆ. ಆಗ ಹಾಲ್‌ನಲ್ಲಿ ಸ್ಪರ್ಧಿ ಯಾರೇ ಸಿಕ್ಕಿದ್ರೂ ಅವನ ಲೀಕ್ ಹೊರಗೆ. ಗೊತ್ತಲ್ಲ?"

"ಗೊತ್ತು ಸ್ವಾಮಿ, ಗೊತ್ತು."

ಬೇರೆ ದಾರಿಯಿಲ್ಲದೆ ನಟ್ಟು ಕಳಚಿ ಕೆಳಗಿಟ್ಟು, ಟೋಪಿ ಜೇಬಿಗೆ ಹಾಕಿ, ತೇವ ಕುಡಿದಷ್ಟನ್ನೂ ವಿಲ್ಫ್ ಮತ್ತೆ ಕತ್ತರಿಸಿದ. ಪೆಟ್ಟಿಗೆ ಮತ್ತೆ ಇಳಿಯಿತು. ಈಗ ಅದು ಪ್ರದರ್ಶನದ ಉದ್ದನೆಯ ಮೇಜಿನ ಹಿಂದೆ, ನೆಲದಿಂದ ಮೊಳದೆತ್ತರದಲ್ಲಿತ್ತು. ನೆಲ ಮುಟ್ಟುವ ಬಿಳಿ ಬಟ್ಟೆಯನ್ನು ಎತ್ತಿ, ತನ್ನ ವಯಸ್ಸನ್ನೂ ಮಂಡಿಯನ್ನೂ ಶಪಿಸುತ್ತಾ ವಿಲ್ಫ್ ಮೇಜಿನಡಿಗೆ ನುಸುಳಿದ. ಸೊಂಟ ಬೇಡ ಅನ್ನುತ್ತಿತ್ತು, ಹೊಟ್ಟೆ ಊಟ ಬೇಕು ಅನ್ನುತ್ತಿತ್ತು, ಅವನು ಎರಡರ ಮಾತೂ ಕೇಳಲಿಲ್ಲ.

ಮೆಗ್ಗರಿನ ಮುಳ್ಳು ಈ ಸಲ ಒಳ್ಳೆಯ ಮಾತಾಡಿತು. ಬಟ್ಟಲು ಕೂತಿತು, ಮೇಣ ತುಂಬಿತು. ತುಟಿಯಲ್ಲಿ ಸ್ಕ್ರೂ ಕಚ್ಚಿಕೊಂಡು ತಂತಿ ಸೇರಿಸಲು ಹೊರಟಾಗ ಟ್ಯುಲಿಪ್ ಬಾಗಿಲಲ್ಲಿ ಕೂಗಿದ್ದು ಕೇಳಿತು. "ಒಳಗೆ ಯಾರಾದ್ರೂ ಇದ್ದೀರೇನ್ರೋ?"

"ಉಂ... ಉಂ..." ಅಂದ ವಿಲ್ಫ್. ಸ್ಕ್ರೂ ಉಗಿದು ಬಾಯಿ ತೆರೆಯುವಷ್ಟರಲ್ಲಿ ಬಾಗಿಲು ಹಾಕಿಯಾಗಿತ್ತು. ಒಳಗೆ ಎರಡು ಜೊತೆ ಬೂಟು ನಡೆದಾಡುತ್ತಿದ್ದವು. ತೀರ್ಪುಗಾರರು!

ಹೊರಗೆ ಬಂದರೂ ಲೀಕ್ ಹೋಯಿತು, ಸಿಕ್ಕಿಬಿದ್ದರೂ ಹೋಯಿತು. ಉಸಿರು ಬಿಗಿಹಿಡಿದು ಬಿದ್ದುಕೊಳ್ಳುವುದೇ ಮೇಲು. ಬೂಟುಗಳು ಒಂದೊಂದೇ ಹೆಜ್ಜೆ ಸರಿದು, ಸರಿಯಾಗಿ ಅವನ ತಲೆಯ ನೇರಕ್ಕೆ ಬಂದು ನಿಂತವು. ಮೇಲಿದ್ದದ್ದು ಅವನದೇ ಲೀಕ್.

"ಅಬ್ಬಬ್ಬಾ! ನೋಡ್ರೀ ಇದನ್ನ, ಮಗುವಿನ ತೊಡೆ ಇದ್ದಂಗಿದೆ!"

"ಒಂದು ಕಲೆ ಇಲ್ಲ, ಬಿರುಕಿಲ್ಲ. ಇಂಥದ್ದು ನಾನಂತೂ ನೋಡಿಲ್ಲ. ಇದೇ ಮೊದಲು, ಇನ್ನು ಮಾತೇ ಇಲ್ಲ."

ಕತ್ತಲಲ್ಲಿ ವಿಲ್ಫ್‌ನ ಕಣ್ಣು ತುಂಬಿ ಬಂತು. ಮಷೀನಿನ ಮುಂದೆ ಕೈ ಕಟ್ಟಿ ಸುಮ್ಮನೆ ಕೂತ ಎಡ್ನಾ ಕಣ್ಣ ಮುಂದೆ ಬಂದಳು. ಆ ಸಂತೋಷದಲ್ಲಿ ಅವನ ಕೈಗಳು ಜೀವಮಾನವೆಲ್ಲ ಮಾಡಿದ್ದನ್ನೇ ಮಾಡಿದವು. ತಂತಿಯನ್ನು ಸದ್ದಿಲ್ಲದೆ ತೂರಿಸಿ, ಸ್ಕ್ರೂ ಬಿಗಿದವು. ಅಂಥ ಅಚ್ಚುಕಟ್ಟಾದ ತುದಿಯನ್ನು ಅವನು ಹಿಂದೆಂದೂ ಕಟ್ಟಿರಲಿಲ್ಲ.

ಢಣಢಣಢಣಢಣ!

ಒತ್ತಿದ ಕೆಂಪು ಗುಂಡಿ ಬೆಳಿಗ್ಗೆಯಿಂದ ಕಾದು ಕೂತಿತ್ತಲ್ಲ, ಅದಕ್ಕೀಗ ಮಾತು ಬಂತು. ವಿಲ್ಫ್ ಬೆಚ್ಚಿ ಎದ್ದ ರಭಸಕ್ಕೆ ತಲೆ ಹಲಗೆಗೆ ಬಡಿದು ಮೇಜೇ ಕುಣಿಯಿತು. ತೀರ್ಪುಗಾರರು ಬಟ್ಟೆ ಎತ್ತಿದರು. ಟ್ಯುಲಿಪ್ ಬಾಗಿಲು ತೆಗೆದ. ಅವನ ಹಿಂದೆ ಇಡೀ ಊರು ನುಗ್ಗಿತು.

ಮೊದಲ ಲೀಕಿನ ಚೀಟಿ ತಿರುಗಿಸಿದರು. ವಿಲ್ಫ್ ಸ್ಟಾಬ್ಸ್. ಟ್ಯುಲಿಪ್ ಪಾಪ, ಬಹಳ ನೊಂದುಕೊಂಡೇ ಆ ಚೀಟಿಯನ್ನು ಹರಿದ. ಎರಡನೆಯದನ್ನು ತಿರುಗಿಸಿದರು. ಪರ್ವಿಸ್.

"ಗಂಟೆ ಮಾತ್ರ ಫಸ್ಟ್ ಕ್ಲಾಸ್ ಕಣಯ್ಯಾ," ಅಂದ ಟ್ಯುಲಿಪ್, ಸಮಾಧಾನಕ್ಕೆ.

ಹೆಂಡತಿ ಸತ್ತ ಮೇಲೆ ಒಂದೇ ಅಂಗಿಯಲ್ಲಿ ವಾರ ತಳ್ಳುವ ಪರ್ವಿಸ್ ಮಷೀನಿನ ಸುತ್ತ ಒಂದು ಸುತ್ತು ಬಂದ. "ವಿಲ್ಫ್, ಇದಕ್ಕೆ ಕರೆಂಟ್ ಬೇಕಂತಲ್ಲೋ. ನಾಳೆ ಬಂದು ವೈರ್ ಎಳೆದುಕೊಡ್ತೀಯಾ? ಎಡ್ನಾ, ಸೋಮವಾರ ನಿಮ್ಮ ಬಟ್ಟೆ ತಗೊಂಡು ನೀನೇ ಬಾಮ್ಮಾ. ಹಂಗೇ ನನ್ನವೂ ನಾಲ್ಕು ಹಾಕಿದ್ರಾಯ್ತು."

ಎಡ್ನಾ ಹತ್ತಿರ ಬಂದಳು. ಗಂಡನ ಹಣೆಯ ಬೋರೆ ಸವರಿದಳು. ವಿಲ್ಫ್ ಕರವಸ್ತ್ರಕ್ಕೆ ಜೇಬಿಗೆ ಕೈ ಹಾಕಿದ. ಕೈಗೆ ಮೆತ್ತಗೆ ಏನೋ ಸಿಕ್ಕಿತು. ತೆಗೆದು ನೋಡಿ, ಮೇಜಿನಡಿಯ ಕೇಬಲ್ಲಿನ ಕಡೆ ನೋಡಿ, ನಿಟ್ಟುಸಿರು ಬಿಟ್ಟ.

"ಏನದು?" ಅಂದಳು ಎಡ್ನಾ.

"ಟೋಪಿ."

"ಯಾರಿಗ್ ಹಾಕ್ಬೇಕಿತ್ತು?"

"ಕೇಬಲ್‌ಗೆ ಕಣೇ," ಅಂದ ವಿಲ್ಫ್, ಮತ್ತೆ ಮಂಡಿಯೂರಿ ಮೇಜಿನಡಿಗೆ ನುಸುಳುತ್ತಾ. "ಅದೊಂದಕ್ಕೆ ಮಾತ್ರ ಬೀಳ್ಲಿಲ್ಲ."