ಕರಡಿ ತಂದ ಕನ್ನಡಿ ಲೆನ್ಸು

ತಂಟೆ ಶುರುವಾದದ್ದು ಒಂದು ಜೋಡಿ ಹದ್ದಿನಿಂದ. ನೀರಿನ ಟ್ಯಾಂಕಿನ ನೆತ್ತಿಯ ಮೇಲೆ ಗೂಡು ಕಟ್ಟಿದ್ದ ಅವು ಪ್ರೆಸ್ಸಿನ ಯಜಮಾನರ ಕಣ್ಣಿಗೆ ಬಿದ್ದವು. ಹೊಸ ಕ್ಯಾಲೆಂಡರಿನ ಮುಖಪುಟಕ್ಕೆ ಅವೇ ಆಗಬೇಕೆಂದು ಅವರಿಗೆ ಹೊಳೆಯಿತು. ಹೊಳೆದದ್ದು ಅವರಿಗೆ, ಗ್ರಹಚಾರ ಕರಡಿಗೆ.

ಕರಡಿ ಎಂದರೆ ಯಾರೂ ಹೆದರಬೇಕಿಲ್ಲ. ಪ್ರೆಸ್ಸಿನಲ್ಲಿ ಕರಡು ತಿದ್ದುವ, ಊದಿದರೆ ಹಾರಿಹೋಗುವಂಥ ಆಸಾಮಿ.

"ಕ್ಯಾಮೆರಾ ಇದೆ. ದೂರದ್ದು ಹಿಡಿಯೋ ಲೆನ್ಸ್ ಒಂದು ನೋಡಿ ಆರಿಸ್ಕೊಂಡು ಬಾ. ಹದ್ದು ಮಧ್ಯಾಹ್ನದೊಳಗೆ ಬೇಕು. ಹಾಗೇ ಸೆಪ್ಟೆಂಬರ್ ಪುಟದ ಕರಡೂ ಮನೇಲೇ ನೋಡಿಬಿಡು. ಮೂರಕ್ಕೆ ಮೆಷಿನ್‌ಗೆ ಹಾಕ್ತೀವಿ," ಎಂದರು ಯಜಮಾನರು.

ಅಂಗಡಿಯ ಮುದುಕ ಮೊದಲು ಕೊಟ್ಟದ್ದು ಒನಕೆಯಷ್ಟು ಉದ್ದದ ಲೆನ್ಸು. ಅದನ್ನು ಎತ್ತಿದ ಕರಡಿಯೇ ಅದರ ಜೊತೆ ಮುಂದಕ್ಕೆ ವಾಲಿದ. ಮುದುಕ ನಗದೆ, ಡಬ್ಬಿಯಂತೆ ಗಿಡ್ಡವಾದ ಎರಡನ್ನು ಮುಂದಿಟ್ಟ.

"ಇವು ಕನ್ನಡಿ ಲೆನ್ಸು. ಒಳಗೆ ಎರಡು ಕನ್ನಡಿ ಇದೆ. ಬೆಳಕು ಒಳಗೇ ಹೋಗಿ ಬಂದು ಮಾಡತ್ತೆ, ಅದಕ್ಕೇ ಉದ್ದ ಬೇಕಾಗಿಲ್ಲ. ಕೈಯಲ್ಲೇ ತಿರುಗಿಸಿ ಸ್ಪಷ್ಟ ಮಾಡ್ಕೋಬೇಕು. ಹಿಂದಿನ ಬೆಳಕಿನ ಚುಕ್ಕೆಗಳು ಬಳೆ ಬಳೆಯಾಗಿ ಕಾಣ್ತಾವೆ, ಗಾಬರಿ ಆಗ್ಬೇಡಿ. ಒಂದು ಹೊಸದು, ಒಂದು ಹಳೇದು. ಎರಡೂ ತಗೊಂಡೋಗಿ ನೋಡಿ."

"ಹಳೇದು ಯಾರದ್ದು?"

"ಯಾರೋ ರಿಪೇರಿಗೆ ಕೊಟ್ಟಿದ್ರು. ವಾಪಸ್ ತಗೊಳ್ಳೋಕೆ ಆಗ್ಲಿಲ್ಲ, ಪಾಪ."

ಮಟಮಟ ಬಿಸಿಲಲ್ಲಿ ಕರಡಿ ತನ್ನ ಮನೆಯ ಮಹಡಿ ಹತ್ತಿದ. ಸೆಪ್ಟೆಂಬರ್ ಪುಟವನ್ನು ಗೋಡೆಗೆ ಅಂಟಿಸಿ ಒಂದು ಸಲ ಕಣ್ಣಾಡಿಸಿ, ಸರಿ ಎಂದು ಸಹಿ ಹಾಕಿ, ಪ್ರೆಸ್ಸಿಗೆ ಫೋನಿನಲ್ಲೇ ತಿಳಿಸಿದ. ಆಮೇಲೆ ಹೊಸ ಲೆನ್ಸಿನಲ್ಲಿ ಟ್ಯಾಂಕನ್ನು ಹಿಡಿದ. ಹದ್ದು ಮಂಜು ಮಂಜು. ಹಳೆಯದರಲ್ಲಿ ಹಿಡಿದ. ಕ್ಯಾಮೆರಾದ ಪರದೆಯಲ್ಲಿ ಹದ್ದಿನ ಗರಿ ಗರಿಯನ್ನೂ ಎಣಿಸುವಂತಿತ್ತು. ಜೊತೆಗೆ ಟ್ಯಾಂಕಿನ ಏಣಿಯ ಮೇಲೆ ಬಿಳಿ ಅಂಗಿಯ ಒಬ್ಬ ಮನುಷ್ಯನೂ ಇದ್ದ.

ಬರಿಗಣ್ಣಿಗೆ ಏಣಿ ಖಾಲಿ. ಹೊಸ ಲೆನ್ಸಿಗೂ ಖಾಲಿ. ಹಳೆಯದರಲ್ಲಿ ಮತ್ತೆ ಕ್ಲಿಕ್ಕಿಸಿದರೆ, ಆ ಮನುಷ್ಯ ಕೆಳಗಿಳಿದು ಏಣಿಯ ಬುಡದಲ್ಲಿ ನಿಂತಿದ್ದ. ಮುಖ ಇವನ ಕಡೆಗೆ.

ಕರಡಿ ಕೂಗಿದ ಕೂಗಿಗೆ ಹೆಂಡತಿ ಸೌಟು ಹಿಡಿದೇ ಬಂದಳು. ಕರೆಯದೆಯೂ ಬರುವ ಪಕ್ಕದ ಮನೆಯ ಮೇಷ್ಟ್ರು ಗೋಡೆ ಹಾರಿ ಬಂದರು.

"ಧೂಳು ಕಣ್ರೀ. ಲೆನ್ಸ್ ಒರೆಸಿ," ಎಂದರು ಮೇಷ್ಟ್ರು.

"ಧೂಳು ಏಣಿ ಇಳಿಯತ್ತಾ ಮೇಷ್ಟ್ರೇ?"

"ಹಾಗಾದ್ರೆ ಬೀದಿ ಕಡೆ ಒಂದು ಹೊಡೀರಿ, ನೋಡೇಬಿಡೋಣ."

ಬೀದಿಯ ಚಿತ್ರದಲ್ಲಿ ಅವನು ಇವರ ಗೇಟಿನ ಹತ್ತಿರವಿದ್ದ. ಬಲಗೈ ಮುಂದಕ್ಕೆ ಚಾಚಿತ್ತು. ಕನ್ನಡಕ ಹಾಕಿದ್ದನೇನೋ, ಕಣ್ಣಿರಬೇಕಾದ ಕಡೆ ಬೆಳಕಿನ ಎರಡು ಬಳೆ ಮಾತ್ರ ಹೊಳೆಯುತ್ತಿದ್ದವು.

"ಒಲೆ ಮೇಲೆ ಹಾಲಿಟ್ಟಿದ್ದೆ," ಎಂದು ಮೇಷ್ಟ್ರು ಬಂದ ಗೋಡೆಯನ್ನೇ ಹಾರಿದರು. ಅವರ ಮನೆಯಲ್ಲಿ ಒಲೆ ಹೊತ್ತಿಸಿದ್ದನ್ನು ಯಾರೂ ಕಂಡಿರಲಿಲ್ಲ.

"ರೀ, ಮೆಟ್ಟಿಲ ಮೇಲೆ ಯಾರೋ ಬರ್ತಿದಾರೆ," ಎಂದು ಹೆಂಡತಿ ಪಿಸುಗುಟ್ಟಿದಳು. ಕಾಣಲು ಯಾರೂ ಇರಲಿಲ್ಲ. ಚಪ್ಪಲಿಯ ಸದ್ದು ಮಾತ್ರ, ಅವಸರವಿಲ್ಲದೆ, ಒಂದೊಂದೇ ಮೆಟ್ಟಿಲು. ಬಾಗಿಲ ಹತ್ತಿರ ಬಂದು ನಿಂತಿತು. ಬಿಸಿಲು ಹಾಗೇ ಇದ್ದರೂ ಇಬ್ಬರಿಗೂ ಮೈ ಜುಮ್ಮೆಂದಿತು. ಕರಡಿಯ ಬೆರಳು ತಗುಲಿ ಕ್ಯಾಮೆರಾ ತಾನೇ ಕ್ಲಿಕ್ಕೆಂದಿತು.

ಆ ಚಿತ್ರದಲ್ಲಿ ಬಿಳಿ ಅಂಗಿಯವನು ಗೋಡೆಯ ಪಕ್ಕ ನಿಂತು, ಸೆಪ್ಟೆಂಬರ್ ಪುಟದ ಕೊನೆಯ ಮನೆಯ ಮೇಲೆ ಬೆರಳಿಟ್ಟಿದ್ದ.

"ಏನ್ರೀ ಇದೆ ಅಲ್ಲಿ?"

ಕರಡಿ ಇಣುಕಿ ನೋಡಿದ. ಸೆಪ್ಟೆಂಬರಿಗೆ ಮೂವತ್ತೊಂದು ದಿನ!

ಹಾಳೆ, ಕ್ಯಾಮೆರಾ, ಎರಡು ಲೆನ್ಸು ಎಲ್ಲವನ್ನೂ ಎದೆಗವಚಿಕೊಂಡು ಅವನು ಓಡಿದ. ಮೂರಕ್ಕೆ ಐದು ನಿಮಿಷವಿದ್ದಾಗ ಪ್ರೆಸ್ಸು ಸೇರಿ, ಏದುಸಿರಲ್ಲೇ "ನಿಲ್ಸಿ! ನಿಲ್ಸಿ!" ಎಂದ. ಮೆಷಿನ್ ಶುರುಮಾಡಲು ಹೊರಟವರು ಕೈ ಹಿಂದಕ್ಕೆಳೆದರು. ಯಜಮಾನರು ತಪ್ಪನ್ನು ನೋಡಿದರು, ಆಮೇಲೆ ಚಿತ್ರವನ್ನು.

"ಇವರು ನಿನಗಿಂತ ಮೊದಲು ಇಲ್ಲಿ ಕರಡು ತಿದ್ದೋರು," ಎಂದರು. "ಮೂವತ್ತು ವರ್ಷ, ಒಂದು ತಪ್ಪು ಬಿಟ್ಟೋರಲ್ಲ. ಹಕ್ಕಿ ಫೋಟೊ ಹುಚ್ಚು ಬೇರೆ. ಆ ಟ್ಯಾಂಕ್ ಮೇಲಿಂದಾನೇ ಬಿದ್ದು ಹೋದ್ರು."

"ಸಾರ್, ಆ ಲೆನ್ಸ್ ಈಗ್ಲೇ ವಾಪಸ್ ಕೊಟ್ಬಿಡ್ತೀನಿ. ಹೊಸದು ಸಾಕು ನಮಗೆ."

"ಹುಚ್ಚಪ್ಪ! ಹಳೇದೇ ಇಟ್ಕೋತೀವಿ. ನಾಳೆಯಿಂದ ಪ್ರತಿ ಪುಟಾನೂ ಗೋಡೆಗೆ ಅಂಟಿಸು, ಫೋಟೊ ತೆಗಿ. ತಪ್ಪು ಅವರು ಹುಡುಕ್ತಾರೆ. ಹಿಂದಿನ ರೂಮು ನಿಮ್ಮಿಬ್ಬರಿಗೇ."

ಹಿಂದಿನ ರೂಮಿಗೆ ಕಿಟಕಿಯಿರಲಿಲ್ಲ. 'ನಿಮ್ಮಿಬ್ಬರಿಗೇ' ಎಂಬ ಮಾತು ಕೇಳಿದ್ದೇ ಕರಡಿಗೆ ತಲೆ ಸುತ್ತಿತು. ಕೆಲಸ ಹೋದರೆ ಹೋಗಲಿ, ಜೀವ ಉಳಿದರೆ ಬೇಡಿಯಾದರೂ ತಿಂದೇನು ಎಂದುಕೊಂಡು ಅಲ್ಲೇ ಒಂದು ಹಾಳೆ ಎಳೆದುಕೊಂಡು ನಾಲ್ಕು ಸಾಲು ಗೀಚಿ, ಸಹಿ ಹಾಕಿ ಯಜಮಾನರ ಮುಂದಿಟ್ಟ.

ಯಜಮಾನರು ಅದನ್ನು ಓದಲಿಲ್ಲ. ಗೋಡೆಗೆ ಅಂಟಿಸಿ, ಆರು ಹೆಜ್ಜೆ ಹಿಂದೆ ಸರಿದು, ಹಳೆಯ ಲೆನ್ಸಿನಲ್ಲಿ ತಾವೇ ಒಂದು ಚಿತ್ರ ತೆಗೆದರು. ಕ್ಯಾಮೆರಾದ ಪರದೆ ನೋಡಿ ತಲೆದೂಗಿದರು.

"ರಾಜೀನಾಮೆ ಅನ್ನೋದರಲ್ಲಿ 'ಜೀ'ಗೆ ದೀರ್ಘ ಬಿಟ್ಟಿದೀಯಂತೆ," ಎಂದು ಹಾಳೆ ಕಿತ್ತು ಅವನ ಕೈಗಿಟ್ಟರು. "ಸರಿಯಾಗಿ ತಿದ್ದಿ ಬರ್ಕೊಂಡು ಬಾ. ಅವರು ಒಪ್ಪಿದ್ರೆ ನಾನು ಒಪ್ತೀನಿ."